ಹಳೆಯ ಕೋಡ್‌ನಿಂದ ಯಾವ ಭಾಗವನ್ನು ಮೈಕ್ರೋಸರ್ವಿಸ್ ಮಾಡಬಹುದು? ಗಿಟ್ ಇತಿಹಾಸವನ್ನೂ ಟೇಬಲ್‌ಗಳನ್ನೂ ಕೇಳಿ

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಜಾವಾ ಅಪ್ಲಿಕೇಶನ್. ಸುಮಾರು 4 ಲಕ್ಷ ಸಾಲು ಕೋಡ್, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರಲ್ಲಿ 210 ಟೇಬಲ್. ಆರ್ಡರ್, ಸ್ಟಾಕ್, ಬಿಲ್ಲಿಂಗ್, ರಿಪೋರ್ಟ್, ಇಮೇಲ್ ಎಲ್ಲ ಒಂದರಲ್ಲೇ ಇದೆ. ಹದಿನಾಲ್ಕು ಜನ ಡೆವಲಪರ್‌ಗಳಿದ್ದೇವೆ. ಯಾವ ಭಾಗಗಳನ್ನು ಮೈಕ್ರೋಸರ್ವಿಸ್ (ತಾನೇ ಬೇರೆಯಾಗಿ ಓಡುವ ಚಿಕ್ಕ ಪ್ರೋಗ್ರಾಂ) ಆಗಿ ಬೇರೆ ಮಾಡಬಹುದು ಅಂತ ಪಟ್ಟಿ ಕೊಡಲು ಮ್ಯಾನೇಜರ್ ಆರು ವಾರ ಕೊಟ್ಟಿದ್ದಾರೆ. ಒಂದು ಟೂಲ್ ಹಾಕಿ, ಯಾವ ಕೋಡ್ ಯಾವುದನ್ನು ಬಳಸುತ್ತದೆ ಅಂತ ತೋರಿಸುವ ಡಿಪೆಂಡೆನ್ಸಿ ಗ್ರಾಫ್ ತೆಗೆದೆ. ಜೇಡರ ಬಲೆಯಂತೆ ಬಂತು, ಏನೂ ಗೊತ್ತಾಗಲಿಲ್ಲ. ಪ್ರತಿ ಎಂಟಿಟಿಗೂ (ಗ್ರಾಹಕ, ಆರ್ಡರ್ ಥರದ ಒಂದೊಂದು ವಸ್ತುವಿಗೂ) ಒಂದು ಸರ್ವಿಸ್ ಮಾಡಿಬಿಟ್ಟರೆ ಸಾಕಾ? ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಎಂಟಿಟಿಗೊಂದು ಸರ್ವಿಸ್ ಖಂಡಿತ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆರು ವಾರದ ಒತ್ತಡ ಇರುವಾಗ ಎಲ್ಲರ ಕೈ ಮೊದಲು ಹೋಗುವುದೇ ಅಲ್ಲಿಗೆ. ಒಂದು ಆರ್ಡರ್ ಸೇವ್ ಆಗಬೇಕಾದರೆ ಗ್ರಾಹಕ ಯಾರು, ಬೆಲೆ ಎಷ್ಟು, ಸ್ಟಾಕ್ ಇದೆಯಾ, ತೆರಿಗೆ ಎಷ್ಟು ಅಂತ ನಾಲ್ಕು ಕಡೆ ಕೇಳಬೇಕು. ಇವತ್ತು ಅವೆಲ್ಲ ಒಂದೇ ಪ್ರೋಸೆಸ್ ಒಳಗಿನ ಫಂಕ್ಷನ್ ಕಾಲ್, ನ್ಯಾನೋಸೆಕೆಂಡ್‌ಗಳ ಕೆಲಸ. ಬೇರೆ ಬೇರೆ ಸರ್ವಿಸ್ ಮಾಡಿದರೆ ಅದೇ ಪ್ರಶ್ನೆ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಒಂದೇ ಡೇಟಾ ಸೆಂಟರ್ ಒಳಗಿದ್ದರೂ ಅದಕ್ಕೆ ಸುಮಾರು ಅರ್ಧ ಮಿಲಿಸೆಕೆಂಡ್ ಬೇಕು, ಅಂದರೆ ಸಾವಿರಾರು ಪಟ್ಟು ಜಾಸ್ತಿ. ನಿಧಾನವಾಗುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದೊಂದು ಸರ್ವಿಸ್ 99.9% ಹೊತ್ತು ಸರಿಯಾಗಿ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ವರ್ಷಕ್ಕೆ ಸುಮಾರು 9 ಗಂಟೆ ಮಾತ್ರ ನಿಲ್ಲುತ್ತದೆ. ಆದರೆ ಒಂದು ಆರ್ಡರ್ ಆಗಲು ಅಂಥ ಐದೂ ಒಟ್ಟಿಗೆ ಎದ್ದಿರಬೇಕು ಅಂದಾಗ ಲೆಕ್ಕ 99.5% ಗೆ ಇಳಿಯುತ್ತದೆ, ವರ್ಷಕ್ಕೆ ಸುಮಾರು 44 ಗಂಟೆ. ಕೋಡ್ ಒಂದು ಸಾಲೂ ಕೆಟ್ಟಿಲ್ಲ, ಗೆರೆ ಎಳೆದ ಜಾಗ ತಪ್ಪು, ಅಷ್ಟೇ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಒಟ್ಟಿಗೆ ಬದಲಾಗುವುದನ್ನು ಒಟ್ಟಿಗೆ ಇಡಿ. ತನ್ನ ಟೇಬಲ್‌ಗಳಿಗೆ ತಾನೊಂದೇ ಬರೆಯುವ ಭಾಗ ಯಾವುದು ಅಂತ ಹುಡುಕಿ. ಈ ಎರಡೂ ಸಂಗತಿ ನೀವು ತೆಗೆದ ಗ್ರಾಫ್‌ನಲ್ಲಿ ಕಾಣುವುದಿಲ್ಲ. ಒಂದು ಗಿಟ್ ಇತಿಹಾಸದಲ್ಲಿ, ಅಂದರೆ ಕೋಡ್ ಬದಲಾವಣೆಗಳ ದಾಖಲೆಯಲ್ಲಿದೆ, ಇನ್ನೊಂದು ಡೇಟಾಬೇಸ್‌ನಲ್ಲಿದೆ.

ಕೋಡ್ ತೆರೆಯುವ ಮೊದಲು ಮ್ಯಾನೇಜರ್ ಜೊತೆ ಅರ್ಧ ಗಂಟೆ ಕೂತು ಒಂದೇ ಪ್ರಶ್ನೆ ಕೇಳಿ: ಈಗ ನೋವು ಎಲ್ಲಿದೆ? ಬಿಲ್ಲಿಂಗ್‌ನ ಸಣ್ಣ ಬದಲಾವಣೆಗೂ ಇಡೀ ಅಪ್ಲಿಕೇಶನ್‌ನ ರಿಲೀಸ್ ಕಾಯಬೇಕಾ? ರಿಪೋರ್ಟ್ ಓಡುವಾಗ ಮೆಮೊರಿ ತುಂಬಿ ಆರ್ಡರ್ ಪುಟ ನಿಲ್ಲುತ್ತದಾ? ಹದಿನಾಲ್ಕು ಜನ ಒಂದೇ ಫೈಲ್‌ಗಳ ಮೇಲೆ ಬಿದ್ದು ಮರ್ಜ್ ಮಾಡಲು ಒದ್ದಾಡುತ್ತಿದ್ದೀರಾ? ಮೊದಲನೆಯದಾದರೆ ಯಾವುದು ಎಷ್ಟು ಸಲ ಬದಲಾಗುತ್ತದೆ ಅನ್ನುವುದು ಮುಖ್ಯ, ಎರಡನೆಯದಾದರೆ ಯಾವುದು ಎಷ್ಟು ಸಿಪಿಯು, ಮೆಮೊರಿ ತಿನ್ನುತ್ತದೆ ಅನ್ನುವುದು ಮುಖ್ಯ. ನೋವು ಯಾವುದು ಅಂತ ಗೊತ್ತಿಲ್ಲದೆ ಪಟ್ಟಿ ಮಾಡಿದರೆ ಸುಲಭವಾಗಿ ಬಿಡಿಸಬಹುದಾದದ್ದು ಮೇಲೆ ಬರುತ್ತದೆ, ಬಿಡಿಸಿದ ಮೇಲೂ ನೋವು ಹಾಗೇ ಉಳಿಯುತ್ತದೆ.

ಈಗ ನಿಮ್ಮ ಜೇಡರ ಬಲೆ. ಅದು ಸುಳ್ಳಲ್ಲ, ಆದರೆ ಅದರಲ್ಲಿ ಗದ್ದಲ ಜಾಸ್ತಿ. ಲಾಗರ್, ದಿನಾಂಕದ ಯುಟಿಲಿಟಿ, ಬೇಸ್ ಎಂಟಿಟಿ, ಎಕ್ಸೆಪ್ಶನ್ ಕ್ಲಾಸ್‌ಗಳು ಎಲ್ಲರಿಗೂ ಅಂಟಿಕೊಂಡಿರುತ್ತವೆ. ಅವುಗಳನ್ನು ತೆಗೆದು, ಕ್ಲಾಸ್ ಮಟ್ಟ ಬಿಟ್ಟು ಪ್ಯಾಕೇಜ್ ಮಟ್ಟದಲ್ಲಿ ನೋಡಿ. ಜಾವಾ ಜೊತೆಗೇ ಬರುವ ಜೆಡೆಪ್ಸ್ ಅನ್ನುವ ಟೂಲ್ ಇಷ್ಟಕ್ಕೆ ಸಾಕು. ನೂರಾರು ಗೆರೆ ಇಪ್ಪತ್ತು ಮೂವತ್ತಕ್ಕೆ ಇಳಿದಾಗ ಸುತ್ತುಗಳು ಕಣ್ಣಿಗೆ ಬೀಳುತ್ತವೆ: ಆರ್ಡರ್ ಬಿಲ್ಲಿಂಗನ್ನು ಕರೆಯುತ್ತದೆ, ಬಿಲ್ಲಿಂಗ್ ಸ್ಟಾಕನ್ನು, ಸ್ಟಾಕ್ ಮತ್ತೆ ಆರ್ಡರನ್ನು. ಸುತ್ತಿನೊಳಗೆ ಸಿಕ್ಕಿಕೊಂಡವು ಸದ್ಯಕ್ಕೆ ಒಂದೇ ತುಂಡು ಅಂತ ಗುರುತು ಹಾಕಿ ಮುಂದೆ ಹೋಗಿ. ಈ ಗ್ರಾಫ್‌ಗೆ ಇದಕ್ಕಿಂತ ಹೆಚ್ಚು ದಿನ ಕೊಡಬೇಡಿ. ರಿಫ್ಲೆಕ್ಷನ್ (ಓಡುವಾಗ ಹೆಸರು ಹಿಡಿದು ಕೋಡ್ ಕರೆಯುವುದು), ಈವೆಂಟ್ ಲಿಸನರ್, ಸ್ಟ್ರಿಂಗ್ ಒಳಗೆ ಬರೆದ ಎಸ್‌ಕ್ಯುಎಲ್ ಯಾವುದೂ ಅದಕ್ಕೆ ಕಾಣುವುದಿಲ್ಲ. ಒಂದು ಕಾಲ್ ದಿನಕ್ಕೆ ಒಂದು ಸಲವೋ ಸೆಕೆಂಡಿಗೆ ಸಾವಿರ ಸಲವೋ ಅನ್ನುವುದೂ ಗೊತ್ತಾಗುವುದಿಲ್ಲ.

ಗಿಟ್ ಇತಿಹಾಸಕ್ಕೆ ಬರೋಣ. ಇದು ನನಗೆ ತುಂಬ ಇಷ್ಟದ ಜಾಗ, ಯಾಕೆಂದರೆ ಇಲ್ಲಿ ಯಾರ ಅಭಿಪ್ರಾಯವೂ ಇಲ್ಲ, ಆದದ್ದು ಮಾತ್ರ ಇದೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಹೇಳಿದ್ದರು: ಕೆಲಸದ ಹಂತಗಳನ್ನು ನೋಡಿ ಮಾಡ್ಯೂಲ್ ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡಿ ಅಂತ. ಹೊಸದಾಗಿ ಬರೆಯುವಾಗ ಯಾವ ನಿರ್ಧಾರ ಬದಲಾಗುತ್ತದೆ ಅಂತ ಊಹಿಸಬೇಕು. ನಿಮಗೆ ಊಹೆ ಬೇಕಾಗಿಲ್ಲ, ಎಂಟು ವರ್ಷದ ದಾಖಲೆ ಕೈಯಲ್ಲಿದೆ.

ಮಾಡುವುದು ಹೀಗೆ. ಕಳೆದ 12ರಿಂದ 18 ತಿಂಗಳ ಕಮಿಟ್‌ಗಳನ್ನು (ಒಂದೊಂದು ಸಲ ದಾಖಲಿಸಿದ ಬದಲಾವಣೆಗಳನ್ನು) ತೆಗೆದುಕೊಳ್ಳಿ, ಎಂಟು ವರ್ಷದ್ದೂ ಬೇಡ, ಹಳೆಯದು ಈಗಿಲ್ಲದ ವಿನ್ಯಾಸದ ಕಥೆ ಹೇಳುತ್ತದೆ. ಪ್ರತಿ ಕಮಿಟ್‌ನಲ್ಲಿ ಯಾವ ಫೈಲ್‌ಗಳು ಮುಟ್ಟಲ್ಪಟ್ಟಿವೆ ಅಂತ ಗಿಟ್ ಲಾಗ್ ಕೊಡುತ್ತದೆ. ಎರಡೆರಡು ಫೈಲ್‌ಗಳ ಜೋಡಿ ಮಾಡಿ, ಎಷ್ಟು ಸಲ ಒಟ್ಟಿಗೆ ಬಂದಿವೆ ಅಂತ ಎಣಿಸಿ. ಬರೀ ಎಣಿಕೆ ಸಾಲದು. ಒಂದು ಫೈಲ್ 50 ಸಲ ಬದಲಾಗಿದ್ದು ಅದರಲ್ಲಿ 35 ಸಲ ಇನ್ನೊಂದರ ಜೊತೆ ಬದಲಾಗಿದ್ದರೆ ಅದು 70%, ದೊಡ್ಡ ನಂಟು. ಐದರಲ್ಲಿ ಐದು ಸಲ ಅಂದರೆ ಶೇಕಡಾ ನೂರಾದರೂ ನಂಬುವಷ್ಟು ಅಲ್ಲ. ಕೋಡ್ ಮಾಟ್ ಅನ್ನುವ ಟೂಲ್ ಈ ಲೆಕ್ಕ ಮಾಡಿಕೊಡುತ್ತದೆ, ಪೈಥಾನ್‌ನಲ್ಲಿ ನೀವೇ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡರೂ ಆಗುತ್ತದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಕೋಡ್ ಫಾರ್ಮ್ಯಾಟ್ ಮಾಡಿದ, ಲೈಸೆನ್ಸ್ ಸಾಲು ಸೇರಿಸಿದ, ಲೈಬ್ರರಿ ಅಪ್‌ಗ್ರೇಡ್ ಮಾಡಿದ ಕಮಿಟ್‌ಗಳು ಒಂದೇ ಏಟಿಗೆ ನೂರಾರು ಫೈಲ್ ಮುಟ್ಟುತ್ತವೆ, ಹಾಗಾಗಿ ಸುಮಾರು ಮೂವತ್ತಕ್ಕಿಂತ ಜಾಸ್ತಿ ಫೈಲ್ ಇರುವ ಕಮಿಟ್‌ಗಳನ್ನು ಬಿಟ್ಟುಬಿಡಿ (ಮೂವತ್ತು ನನ್ನ ಅಂದಾಜು, ನಿಮ್ಮ ತಂಡದ ರೂಢಿ ನೋಡಿ ಬದಲಿಸಿಕೊಳ್ಳಿ). ಎರಡನೆಯದು, ಒಂದೇ ಕೆಲಸವನ್ನು ಮೂರು ನಾಲ್ಕು ಕಮಿಟ್‌ಗಳಲ್ಲಿ ಮಾಡುವ ಅಭ್ಯಾಸ ಇದ್ದರೆ ಕಮಿಟ್ ಲೆಕ್ಕ ಸುಳ್ಳಾಗುತ್ತದೆ. ಕಮಿಟ್ ಮೆಸೇಜ್‌ನಲ್ಲಿರುವ ಟಿಕೆಟ್ ನಂಬರ್ ಹಿಡಿದು ಒಂದು ಟಿಕೆಟ್‌ನ ಎಲ್ಲ ಕಮಿಟ್‌ಗಳನ್ನು ಒಂದು ಗುಂಪು ಮಾಡಿ ಎಣಿಸಿ. ಮೂರನೆಯದು, ಹೆಸರು ಬದಲಾದ ಫೈಲ್‌ಗಳು. ಅವುಗಳ ಹಳೆಯ ಹೆಸರು ಹೊಸ ಹೆಸರು ಒಂದೇ ಅಂತ ಸೇರಿಸದಿದ್ದರೆ ಅರ್ಧ ಇತಿಹಾಸ ಕಳೆದುಹೋಗುತ್ತದೆ.

ಬಂದ ಜೋಡಿಗಳಲ್ಲಿ ಒಂದೇ ಪ್ಯಾಕೇಜ್ ಒಳಗಿನವನ್ನು ಪಕ್ಕಕ್ಕಿಡಿ. ಪ್ಯಾಕೇಜ್ ದಾಟುವ ಜೋಡಿಗಳೇ ಬೇಕಾದದ್ದು. ನಾನು ಒಮ್ಮೆ ನೋಡಿದ ಸಿಸ್ಟಮ್‌ನಲ್ಲಿ ಡೆಲಿವರಿ ಪ್ಯಾಕೇಜ್‌ಗೂ ಬೆಲೆ ಲೆಕ್ಕ ಹಾಕುವ ಪ್ಯಾಕೇಜ್‌ಗೂ ಒಂದೇ ಒಂದು ಇಂಪೋರ್ಟ್ ಇರಲಿಲ್ಲ. ಗ್ರಾಫ್ ಪ್ರಕಾರ ಎರಡೂ ಪೂರ್ತಿ ಬೇರೆ. ಇತಿಹಾಸ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಲ ಒಟ್ಟಿಗೆ ಬದಲಾಗಿದ್ದವು. ಕಾರಣ ಹುಡುಕಲು ಎರಡು ದಿನ ಹಿಡಿಯಿತು: ಒಂದು ಟೇಬಲ್‌ನಲ್ಲಿ ಸ್ಟೇಟಸ್ ಅನ್ನುವ ಸ್ಟ್ರಿಂಗ್ ಕಾಲಮ್ ಇತ್ತು, ಹೊಸ ಸ್ಟೇಟಸ್ ಬಂದಾಗಲೆಲ್ಲ ಎರಡೂ ಕಡೆ ಇಫ್ ಎಲ್ಸ್ ಸೇರಿಸುತ್ತಿದ್ದರು. ಹಾಗೇ ಎರಡು ಸರ್ವಿಸ್ ಮಾಡಿದ್ದರೆ ಪ್ರತಿ ಹೊಸ ಸ್ಟೇಟಸ್‌ಗೂ ಎರಡು ತಂಡ, ಎರಡು ರಿಲೀಸ್, ನಡುವೆ ಯಾವುದು ಮೊದಲು ಹೋಗಬೇಕು ಅನ್ನುವ ಮಾತುಕತೆ. ನಾವು ಮೊದಲು ಆ ಸ್ಟೇಟಸ್ ನಿರ್ಧಾರವನ್ನು ಒಂದೇ ಕಡೆ ತಂದೆವು. ಮುಂದಿನ ತಿಂಗಳುಗಳಲ್ಲಿ ನಂಟು ಸಡಿಲವಾದದ್ದು ಅದೇ ಲೆಕ್ಕದಲ್ಲಿ ಕಂಡಿತು.

ಅದೇ ಲಾಗ್‌ನಿಂದ ಇನ್ನೊಂದು ಚಿತ್ರವೂ ಸಿಗುತ್ತದೆ: ಯಾವ ಪ್ಯಾಕೇಜನ್ನು ಯಾರ್ಯಾರು ಮುಟ್ಟುತ್ತಾರೆ. ಸಿಸ್ಟಮ್‌ನ ಆಕಾರ ಅದನ್ನು ಕಟ್ಟುವ ಜನರ ನಡುವಿನ ಮಾತುಕತೆಯ ಆಕಾರವನ್ನೇ ಹೋಲುತ್ತದೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಹದಿನಾಲ್ಕು ಜನರಲ್ಲಿ ಮೂವರು ಮಾತ್ರ ಮುಟ್ಟುವ ಭಾಗ ಆಗಲೇ ಅರ್ಧ ಬೇರೆಯಾದಂತೆ. ಹದಿನಾಲ್ಕೂ ಜನ ಮುಟ್ಟುವ ಭಾಗಕ್ಕೆ ಒಬ್ಬ ಯಜಮಾನ ಇನ್ನೂ ಸಿಕ್ಕಿಲ್ಲ, ಅದನ್ನು ಹೊರಗೆ ಹಾಕಿದರೆ ಎಲ್ಲರೂ ಅದರ ಬಾಗಿಲಲ್ಲಿ ಕಾಯುತ್ತಾರೆ.

ಆಮೇಲೆ ಡೇಟಾಬೇಸ್. ನಿಜ ಹೇಳಬೇಕೆಂದರೆ ಮೈಕ್ರೋಸರ್ವಿಸ್ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕೋಡ್ ಬಿಡಿಸುವುದು ಕಷ್ಟವಾದರೂ ಆಗುತ್ತದೆ, ಡೇಟಾ ಬಿಡಿಸುವುದಕ್ಕೆ ಬೇರೆಯೇ ತಾಳ್ಮೆ ಬೇಕು. ಒಂದು ದೊಡ್ಡ ಶೀಟ್ ತೆಗೆದುಕೊಳ್ಳಿ. ಅಡ್ಡಕ್ಕೆ ಮಾಡ್ಯೂಲ್‌ಗಳು, ಉದ್ದಕ್ಕೆ 210 ಟೇಬಲ್. ಪ್ರತಿ ಮನೆಯಲ್ಲಿ ಆ ಮಾಡ್ಯೂಲ್ ಆ ಟೇಬಲನ್ನು ಓದುತ್ತದಾ, ಬರೆಯುತ್ತದಾ ಅಂತ ತುಂಬಿ. ಎಂಟಿಟಿ ಮ್ಯಾಪಿಂಗ್‌ಗಳಿಂದ ಮುಕ್ಕಾಲು ಭಾಗ ಸಿಗುತ್ತದೆ. ಉಳಿದದ್ದು ಸ್ಟೋರ್ಡ್ ಪ್ರೊಸೀಜರ್, ಟ್ರಿಗರ್, ವ್ಯೂ, ರಾತ್ರಿ ಓಡುವ ಬ್ಯಾಚ್ ಜಾಬ್, ಮತ್ತು ಯಾರೋ ಯಾವಾಗಲೋ ನೇರವಾಗಿ ಡೇಟಾಬೇಸ್‌ಗೆ ಜೋಡಿಸಿದ ರಿಪೋರ್ಟಿಂಗ್ ಟೂಲ್‌ಗಳಲ್ಲಿ ಅಡಗಿರುತ್ತದೆ. ಇವನ್ನು ಹಿಡಿಯಲು ಒಂದು ಉಪಾಯ ಇದೆ. ಬ್ಯಾಚ್ ಜಾಬ್‌ಗೂ ರಿಪೋರ್ಟ್ ಟೂಲ್‌ಗೂ ಬೇರೆ ಬೇರೆ ಡೇಟಾಬೇಸ್ ಯೂಸರ್ ಕೊಡಿ. ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಶನ್ ಯಾವ ಯೂಸರ್ ಯಾವ ಕ್ವೆರಿಯನ್ನು ಎಷ್ಟು ಸಲ ಓಡಿಸಿದ ಅಂತ ಲೆಕ್ಕ ಇಡುತ್ತದೆ. ಅಪ್ಲಿಕೇಶನ್ ಒಳಗಿನ ಮಾಡ್ಯೂಲ್‌ಗಳಿಗೆ ಬೇರೆ ಯೂಸರ್ ಕೊಟ್ಟರೆ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ಬರಹಗಳ ಗುಂಪು) ಮುರಿಯುತ್ತದೆ, ಹಾಗಾಗಿ ಅಲ್ಲಿ ಪ್ರತಿ ಕ್ವೆರಿಯ ಮುಂದೆ ಕಾಮೆಂಟ್ ಆಗಿ ಮಾಡ್ಯೂಲ್ ಹೆಸರು ಅಂಟಿಸಿ. ಹೈಬರ್ನೇಟ್ ಬಳಸುತ್ತಿದ್ದರೆ ಸ್ಟೇಟ್‌ಮೆಂಟ್ ಇನ್‌ಸ್ಪೆಕ್ಟರ್ ಅನ್ನುವ ಇಂಟರ್‌ಫೇಸ್ ಮೂಲಕ ಒಂದೇ ಜಾಗದಲ್ಲಿ ಮಾಡಬಹುದು. ಟೆಸ್ಟ್ ಸರ್ವರ್‌ನಲ್ಲಿ ಹಾಕಿ ಕೆಲವು ದಿನದ ಲಾಗ್ ತೆಗೆಯಿರಿ.

ಶೀಟ್ ತುಂಬಿದ ಮೇಲೆ ಬರೆಯುವವರನ್ನು ನೋಡಿ, ಓದುವವರನ್ನು ಆಮೇಲೆ ನೋಡೋಣ. ಒಂದೇ ಮಾಡ್ಯೂಲ್ ಬರೆಯುವ ಟೇಬಲ್‌ಗಳ ಗುಂಪು ಕಂಡರೆ ಅದು ಒಳ್ಳೆಯ ಸೂಚನೆ. ನಾಲ್ಕು ಮಾಡ್ಯೂಲ್ ಬರೆಯುವ ಟೇಬಲ್ ಇದ್ದರೆ ಅಲ್ಲಿ ನಿಲ್ಲಿ, ಕಾಲಮ್‌ಗಳ ಮಟ್ಟಕ್ಕೆ ಇಳಿಯಿರಿ. ಗ್ರಾಹಕ ಅನ್ನುವ ಟೇಬಲ್‌ನಲ್ಲಿ 60 ಕಾಲಮ್ ಇರುತ್ತದೆ. ಹೆಸರು, ಫೋನ್ ಒಂದು ಮಾಡ್ಯೂಲ್ ಬರೆಯುತ್ತದೆ, ಸಾಲದ ಮಿತಿ, ಬಾಕಿ ಬಿಲ್ಲಿಂಗ್ ಬರೆಯುತ್ತದೆ, ಇಮೇಲ್ ಬೇಕೋ ಬೇಡವೋ ಅನ್ನುವುದನ್ನು ನೋಟಿಫಿಕೇಶನ್ ಬರೆಯುತ್ತದೆ. ಒಬ್ಬರ ಕಾಲಮನ್ನು ಇನ್ನೊಬ್ಬರು ಮುಟ್ಟುವುದೇ ಇಲ್ಲ. ಅಂದರೆ ಅದು ಒಂದು ಟೇಬಲ್ ಅಲ್ಲ, ಒಂದೇ ಹೆಸರಿನಡಿ ಮೂರು ಟೇಬಲ್. ಇಂಥದ್ದು ಸಿಕ್ಕ ದಿನ ನಿಜಕ್ಕೂ ಖುಷಿಯಾಗುತ್ತದೆ, ಬಿಡಿಸಲು ಆಗುವುದೇ ಇಲ್ಲ ಅಂದುಕೊಂಡಿದ್ದ ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಪದಗಳ ವಿಷಯದಲ್ಲೂ ಇದೇ ಆಗುತ್ತದೆ. ಸ್ಟಾಕ್ ನೋಡಿಕೊಳ್ಳುವವರಿಗೆ ಪ್ರಾಡಕ್ಟ್ ಅಂದರೆ ತೂಕ, ಅಳತೆ, ಇಟ್ಟ ಜಾಗ. ಬಿಲ್ಲಿಂಗ್‌ನವರಿಗೆ ಬೆಲೆ ಮತ್ತು ತೆರಿಗೆ. ಒಂದೇ ಪದಕ್ಕೆ ಅರ್ಥ ಬದಲಾಗುವ ಜಾಗದಲ್ಲೇ ಗಡಿ ಇರುತ್ತದೆ. ಎರಿಕ್ ಇವಾನ್ಸ್ 2003ರಲ್ಲಿ ಬೌಂಡೆಡ್ ಕಾಂಟೆಕ್ಸ್ಟ್ ಅಂತ ಹೆಸರಿಟ್ಟದ್ದು ಇದಕ್ಕೇ.

ಟ್ರಾನ್ಸಾಕ್ಷನ್‌ಗಳನ್ನು ನೋಡದೆ ಈ ಭಾಗ ಮುಗಿಸಬೇಡಿ. ಒಂದೇ ಟ್ರಾನ್ಸಾಕ್ಷನ್ ಒಳಗೆ ಯಾವ ಯಾವ ಟೇಬಲ್‌ಗಳಿಗೆ ಬರೆಯಲಾಗುತ್ತಿದೆ? ನೀವು ಎಳೆಯಬೇಕೆಂದಿರುವ ಗೆರೆ ಒಂದು ಟ್ರಾನ್ಸಾಕ್ಷನ್ ನಡುವೆ ಹೋಗುತ್ತಿದ್ದರೆ, ಇವತ್ತು ಡೇಟಾಬೇಸ್ ಪುಕ್ಕಟೆಯಾಗಿ ಮಾಡಿಕೊಡುವ ರೋಲ್‌ಬ್ಯಾಕನ್ನು (ಅರ್ಧಕ್ಕೆ ಸೋತದ್ದನ್ನು ಹಿಂದಿನ ಸ್ಥಿತಿಗೆ ತರುವುದನ್ನು) ನಾಳೆ ನೀವೇ ಬರೆಯಬೇಕು. ಸಾಗಾ ಅನ್ನುವ ವಿಧಾನ 1987ರಿಂದಲೂ ಇದೆ: ಒಂದು ಹಂತ ಸೋತರೆ ಹಿಂದಿನ ಹಂತಗಳನ್ನು ರದ್ದು ಮಾಡುವ ಕೆಲಸಗಳನ್ನು ಓಡಿಸುವುದು. ಆಗುತ್ತದೆ, ಆದರೆ ಸುಮ್ನೆ ಆಗುವುದಿಲ್ಲ. ನಡುವಿನ ಅರೆಬರೆ ಸ್ಥಿತಿ ಜನರಿಗೆ ಕಾಣುತ್ತದೆ, ರದ್ದು ಮಾಡುವ ಕೆಲಸವೂ ಸೋಲಬಹುದು, ಕಳಿಸಿದ ಇಮೇಲ್ ವಾಪಸ್ ಬರುವುದಿಲ್ಲ. ಆದ್ದರಿಂದ ಅಂಥ ಪ್ರತಿ ಟ್ರಾನ್ಸಾಕ್ಷನ್‌ಗೂ ವ್ಯವಹಾರ ಗೊತ್ತಿರುವವರನ್ನು ಕೇಳಿ: ಇವೆರಡೂ ಅದೇ ಕ್ಷಣದಲ್ಲಿ ಸರಿಹೊಂದಬೇಕಾ, ಎರಡು ನಿಮಿಷ ತಡವಾದರೆ ನಡೆಯುತ್ತದಾ? ಆರ್ಡರ್ ಆದ ಎರಡು ನಿಮಿಷಕ್ಕೆ ಇಮೇಲ್ ಹೋದರೆ ಯಾರಿಗೂ ತೊಂದರೆ ಇಲ್ಲ. ಕೊನೆಯ ಒಂದು ಪೀಸ್ ಸ್ಟಾಕನ್ನು ಇಬ್ಬರಿಗೆ ಮಾರಿದರೆ ತೊಂದರೆ ಇದೆ. ಈ ಉತ್ತರ ಕೋಡ್‌ನಲ್ಲಿ ಸಿಗುವುದಿಲ್ಲ.

ಓಡುತ್ತಿರುವ ಸಿಸ್ಟಮನ್ನು ಕಡೆಯಲ್ಲಿ ಒಂದು ಸಲ ನೋಡಿ. ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್ ಕೋಡ್ ಬದಲಿಸದೆಯೇ ಎಚ್‌ಟಿಟಿಪಿ ರಿಕ್ವೆಸ್ಟ್, ಡೇಟಾಬೇಸ್ ಕ್ವೆರಿಗಳ ಟ್ರೇಸ್ (ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯಿತು, ಎಷ್ಟು ಹೊತ್ತು ಹಿಡಿಯಿತು ಅನ್ನುವ ದಾಖಲೆ) ಕೊಡುತ್ತದೆ; ಮಾಡ್ಯೂಲ್‌ಗಳ ನಡುವಿನ ಮೆಥಡ್‌ಗಳಿಗೆ ನೀವೇ ಸ್ಪ್ಯಾನ್ (ಆ ದಾಖಲೆಯ ಒಂದು ತುಂಡು) ಸೇರಿಸಬೇಕು. ಹುಡುಕಬೇಕಾದದ್ದು ಒಂದೇ: ಗೆರೆ ದಾಟುವ ಕಾಲ್ ಲೂಪ್ ಒಳಗೆ ಇದೆಯಾ? 200 ಸಾಲಿನ ಆರ್ಡರ್‌ಗೆ 200 ಸಲ ಬೆಲೆ ಕೇಳುವ ಕೋಡ್ ಇವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ, ನೆಟ್‌ವರ್ಕ್ ಬಂದ ದಿನ ಪುಟವೇ ತೆರೆಯುವುದಿಲ್ಲ. ಟ್ರೇಸ್ ತೆಗೆಯುವ ದಿನಗಳಲ್ಲಿ ತಿಂಗಳ ಕೊನೆಯೂ ಸೇರಿರಲಿ, ಬಿಲ್ಲಿಂಗ್‌ನ ನಿಜವಾದ ಹೊರೆ ಕಾಣುವುದು ಆಗಲೇ.

ಇಷ್ಟಾದ ಮೇಲೆ ನಿಮ್ಮ ಹೆಸರುಗಳ ಬಗ್ಗೆ ನನ್ನ ಅಂದಾಜು ಹೇಳುತ್ತೇನೆ, ನಿಮ್ಮ ಶೀಟ್ ಬೇರೆ ಹೇಳಿದರೆ ಶೀಟನ್ನೇ ನಂಬಿ. ಇಮೇಲ್ ಸಾಮಾನ್ಯವಾಗಿ ಒಳ್ಳೆಯ ಮೊದಲ ಅಭ್ಯರ್ಥಿ. ಅದರ ಟೇಬಲ್ ಅದರದ್ದೇ, ಉತ್ತರಕ್ಕಾಗಿ ಯಾರೂ ಕಾಯುವುದಿಲ್ಲ, ಸ್ವಲ್ಪ ಹೊತ್ತು ನಿಂತರೂ ಆರ್ಡರ್ ನಿಲ್ಲುವುದಿಲ್ಲ. ರಿಪೋರ್ಟ್ ಮೋಸ ಮಾಡುತ್ತದೆ. ಯಾರೂ ಅದನ್ನು ಕರೆಯುವುದಿಲ್ಲವಾದ್ದರಿಂದ ಗ್ರಾಫ್‌ನಲ್ಲಿ ಅಂಚಿನಲ್ಲಿರುತ್ತದೆ, ತೆಗೆಯುವುದು ಸುಲಭ ಅನ್ನಿಸುತ್ತದೆ. ಆದರೆ ಅದು ಬಹುತೇಕ ಎಲ್ಲ ಟೇಬಲ್‌ಗಳನ್ನು ಓದುತ್ತದೆ. ಅದೇ ಡೇಟಾಬೇಸ್ ಓದುವ ಬೇರೆ ಸರ್ವಿಸ್ ಮಾಡಿದರೆ ನಿಮ್ಮ ಪ್ರತಿ ಕಾಲಮ್ ಹೆಸರೂ ಒಂದು ಕರಾರು ಆಗಿಬಿಡುತ್ತದೆ. ನೋವು ಮೆಮೊರಿಯದ್ದು ಮಾತ್ರ ಆಗಿದ್ದರೆ ಅದೇ ಕೋಡನ್ನು ಇನ್ನೊಂದು ಪ್ರೋಸೆಸ್‌ನಲ್ಲಿ ಓಡಿಸಿ ರೀಡ್ ರೆಪ್ಲಿಕಾ (ಓದಲು ಮಾತ್ರ ಇರುವ ಡೇಟಾಬೇಸ್ ನಕಲು) ಓದಿಸಿದರೆ ಸಾಕು, ಮೈಕ್ರೋಸರ್ವಿಸ್ ಬೇಕಿಲ್ಲ. ಯೂಸರ್ ಮತ್ತು ಪರ್ಮಿಶನ್ ಮೊದಲ ಸುತ್ತಿಗೆ ಬೇಡ, ಪ್ರತಿ ರಿಕ್ವೆಸ್ಟೂ ಅದನ್ನು ಮುಟ್ಟುತ್ತದೆ. ಕಾಮನ್ ಸರ್ವಿಸ್ ಅನ್ನುವ ಹೆಸರು ಪಟ್ಟಿಯಲ್ಲಿ ಬಂದರೆ ಅಳಿಸಿಬಿಡಿ. ಆರ್ಡರ್ ಮತ್ತು ಸ್ಟಾಕ್ ನಡುವಿನ ಗೆರೆ ಬಗ್ಗೆ ಮೇಲಿನ ಟ್ರಾನ್ಸಾಕ್ಷನ್ ಪ್ರಶ್ನೆಯೇ ತೀರ್ಮಾನ ಹೇಳುತ್ತದೆ.

ಮ್ಯಾನೇಜರ್‌ಗೆ ಕೊಡುವಾಗ ಅಂಕ ಹಾಕಿ ಕೂಡಿಸಿದ ಪಟ್ಟಿ ಕೊಡಬೇಡಿ. ಕೂಡಿಸಿದಾಗ ಒಂದು ಕೊಲ್ಲುವಂಥ ದೋಷ ನಾಲ್ಕು ಸಣ್ಣ ಒಳ್ಳೆಯತನಗಳ ಹಿಂದೆ ಮುಚ್ಚಿಹೋಗುತ್ತದೆ. ಪ್ರತಿ ಅಭ್ಯರ್ಥಿಗೆ ಒಂದು ಪುಟ ಬರೆಯಿರಿ: ಅದು ಬರೆಯುವ ಟೇಬಲ್‌ಗಳು, ಬೇರೆಯವರಿಂದ ಓದುವವು, ಗೆರೆ ದಾಟುವ ಟ್ರಾನ್ಸಾಕ್ಷನ್‌ಗಳು, ಒಂದು ರಿಕ್ವೆಸ್ಟ್‌ಗೆ ಎಷ್ಟು ಕಾಲ್, ಹೊರಗಿನ ಯಾವುದರ ಜೊತೆ ಬದಲಾಗುತ್ತದೆ, ರಾತ್ರಿ ಎರಡಕ್ಕೆ ಬಿದ್ದರೆ ಯಾರು ಏಳುತ್ತಾರೆ, ಮತ್ತು ಇದರಿಂದ ಯಾವ ನೋವು ಹೋಗುತ್ತದೆ. ಬೇಡ ಅಂದವುಗಳಿಗೂ ಎರಡು ಸಾಲು ಕಾರಣ ಇರಲಿ, ಆರು ತಿಂಗಳ ನಂತರ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅಲ್ವಾ?

ಪುಟದ ಕೊನೆಯಲ್ಲಿ ಒಂದು ಪರೀಕ್ಷೆಯನ್ನೂ ಸೇರಿಸಿ. ಆಯ್ಕೆಯಾದದ್ದನ್ನು ತಕ್ಷಣ ಹೊರಗೆ ಹಾಕದೆ ಮೊದಲು ಒಳಗೇ ಗೋಡೆ ಕಟ್ಟಿ. ಅದರ ಟೇಬಲ್‌ಗಳನ್ನು ಬೇರೆ ಸ್ಕೀಮಾಗೆ (ಡೇಟಾಬೇಸ್ ಒಳಗಿನ ಬೇರೆ ವಿಭಾಗಕ್ಕೆ) ಸರಿಸಿ, ಗೆರೆ ದಾಟುವ ಫಾರಿನ್ ಕೀಗಳನ್ನು (ಟೇಬಲ್ ಟೇಬಲ್ ನಡುವಿನ ಕೊಂಡಿಗಳನ್ನು) ತೆಗೆಯಿರಿ, ಒಂದೇ ಇಂಟರ್‌ಫೇಸ್ ಮೂಲಕ ಮಾತ್ರ ಒಳಗೆ ಬರಲು ಬಿಡಿ, ಆ ಇಂಟರ್‌ಫೇಸ್ ಎಂಟಿಟಿಗಳ ಬದಲು ಸರಳ ಡೇಟಾ ಆಬ್ಜೆಕ್ಟ್ ಮಾತ್ರ ಕೊಡಲಿ. ಯಾರಾದರೂ ಗೋಡೆ ಹಾರಿದರೆ ಬಿಲ್ಡ್ ಮುರಿಯುವಂತೆ ಆರ್ಕ್‌ಯುನಿಟ್‌ನಲ್ಲಿ ಒಂದು ಟೆಸ್ಟ್ ಬರೆಯಿರಿ. ಎರಡು ತಿಂಗಳು ಹಾಗೇ ಕೆಲಸ ಮಾಡಿ, ಎಷ್ಟು ಸಲ ಇಂಟರ್‌ಫೇಸ್ ಬದಲಿಸಬೇಕಾಯಿತು ಅಂತ ಎಣಿಸಿ. ವಾರಕ್ಕೊಮ್ಮೆ ಬದಲಾಗುತ್ತಿದ್ದರೆ ಗೆರೆ ತಪ್ಪಾಗಿದೆ, ಒಂದೇ ರಿಪೊಸಿಟರಿ ಒಳಗೆ ಅದನ್ನು ಸರಿಸುವುದು ಒಂದು ಮಧ್ಯಾಹ್ನದ ಕೆಲಸ. ಎರಡು ಸರ್ವಿಸ್ ಆದ ಮೇಲೆ ಅದೇ ತಿದ್ದುಪಡಿ ತಿಂಗಳುಗಟ್ಟಲೆ ಎಳೆಯುತ್ತದೆ.

ಗೋಡೆ ಕಟ್ಟಿದ ಮೇಲೆ ನೋವು ಹೋಗಿದ್ದರೆ ಅಲ್ಲಿಗೇ ನಿಲ್ಲಿಸಬಹುದು, ಅದರಲ್ಲಿ ಸೋಲಿಲ್ಲ. ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ವಿಡಿಯೋ ಗುಣಮಟ್ಟ ನೋಡುವ ತಮ್ಮ ಸಿಸ್ಟಮ್‌ನ ಬಿಡಿ ಭಾಗಗಳನ್ನು ಮತ್ತೆ ಒಂದೇ ಪ್ರೋಸೆಸ್‌ಗೆ ಸೇರಿಸಿ ಅದರ ಖರ್ಚು 90% ಇಳಿಯಿತು ಅಂತ 2023ರಲ್ಲಿ ಬರೆದಿತ್ತು. ಅವರ ಭಾಗಗಳ ನಡುವೆ ವಿಡಿಯೋದ ಫ್ರೇಮ್‌ಗಳು ಓಡಾಡುತ್ತಿದ್ದವು, ಅಷ್ಟು ಡೇಟಾ ದಾಟುವ ಜಾಗದಲ್ಲಿ ಗಡಿ ಇರಬಾರದಿತ್ತು. ನಿಮ್ಮಲ್ಲಿ ಆ ಜಾಗ ಯಾವುದು ಅಂತ ಟ್ರೇಸ್ ತೋರಿಸುತ್ತದೆ. ಮೊದಲ ಎರಡು ವಾರ ಗಿಟ್ ಲೆಕ್ಕಕ್ಕೆ ಮತ್ತು ಟೇಬಲ್ ಶೀಟ್‌ಗೆ ಇಡಿ, ಮೂರನೇ ವಾರ ಟ್ರೇಸ್‌ಗೆ, ನಾಲ್ಕು ಐದರಲ್ಲಿ ಟ್ರಾನ್ಸಾಕ್ಷನ್ ಪ್ರಶ್ನೆಗಳನ್ನು ಹಿಡಿದು ಜನರನ್ನು ಮಾತಾಡಿಸಿ, ಕೊನೆಯ ವಾರ ಪುಟಗಳನ್ನು ಬರೆಯಿರಿ. ಶೀಟ್ ತುಂಬುವಾಗ ಸ್ಟಾಕ್‌ನ ಟೇಬಲ್‌ಗಳಿಂದಲೇ ಶುರು ಮಾಡಿ, ಆರ್ಡರ್ ಅದಕ್ಕೆ ಎಲ್ಲೆಲ್ಲಿ ನೇರವಾಗಿ ಬರೆಯುತ್ತಿದೆ ಅನ್ನುವುದು ನಿಮಗೆ ಮೊದಲ ವಾರದಲ್ಲೇ ಗೊತ್ತಾಗಬೇಕು.